ವಾಹನ ಸಮಾಧಾನ: ಬ್ಯಾಟರಿಗೆ ಯಾವ ನೀರು, ಎಷ್ಟು, ಯಾವಾಗ?

ಇತ್ತೀಚೆಗೆ ಉಡುಪಿ, ಮಂಗಳೂರು ಕಡೆಯಿಂದ ಬಂದ ಪತ್ರಗಳಲ್ಲಿ ಕಾರಿನ ಬ್ಯಾಟರಿಯ ಕುರಿತಾದವೇ ಹೆಚ್ಚಾಗಿರುವುದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಬ್ಯಾಟರಿಯೊಳಗಿನ ನೀರು ಇಳಿದಿರುವುದೂ, ಮಳೆ ಹಿಡಿದ ಮೊದಲ ವಾರದಲ್ಲೇ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಮನೆಮಂದಿಯೆಲ್ಲ ಅಂಗಳದಲ್ಲಿ ನಿಲ್ಲಬೇಕಾಗುವುದೂ ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಕಾಣುವ ಸಂಗತಿ. ಸಕಾಲದಲ್ಲಿ ಒಂದು ಲೋಟ ಶುದ್ಧ ನೀರು ಬಿದ್ದಿದ್ದರೆ ಇನ್ನೂ ಬಾಳುತ್ತಿದ್ದ ಬ್ಯಾಟರಿಗಳು ಗುಜರಿಗೆ ಹೋಗುವುದನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಪ್ರಶ್ನೆ: ನಮ್ಮ ಕಾರಿನ ಬ್ಯಾಟರಿಗೆ ಎರಡೂವರೆ ವರ್ಷವಾಗಿದೆ. ಮೇಲೆ ಆರು ಮುಚ್ಚಳಗಳಿರುವ ಮಾದರಿ, ಪ್ರತಿ ಮುಚ್ಚಳದ ಕೆಳಗೆ ಒಂದು ಸೆಲ್, ಅಂದರೆ ಖಾನೆ. ಮೊನ್ನೆ ತೆರೆದು ನೋಡಿದಾಗ ಎಲ್ಲ ಸೆಲ್‌ಗಳಲ್ಲೂ ನೀರು ಕೆಳಗಿನ ಗೆರೆಗಿಂತ ಇಳಿದಿತ್ತು, ಎರಡರಲ್ಲಿ ಪ್ಲೇಟಿನ ತುದಿಯೇ ಕಾಣುತ್ತಿತ್ತು. ನಮ್ಮ ಬಾವಿಯ ನೀರು ಬಹಳ ಸಿಹಿ, ಬೇಳೆಯೂ ಬೇಗ ಬೇಯುತ್ತದೆ. ಅದನ್ನೇ ಹಾಕಬಹುದೇ? ಪರಿಚಯದ ಗ್ಯಾರೇಜಿನವರು ಆಸಿಡ್ ಹಾಕಿದರೆ ಬ್ಯಾಟರಿಗೆ ಶಕ್ತಿ ಬರುತ್ತದೆ ಎನ್ನುತ್ತಾರೆ. ಆಸಿಡ್‌ಗೆ ನೀರು ಸುರಿಯಬಾರದು ಎಂದು ಶಾಲೆಯಲ್ಲಿ ಕಲಿತ ನೆನಪು ಬೇರೆ. ಯಾವುದು ಸರಿ?
– ಓದುಗರೊಬ್ಬರು, ಕಟಪಾಡಿ

ಉತ್ತರ: ನಿಮ್ಮ ಮೂರೂ ಸಂದೇಹಗಳಿಗೆ ಉತ್ತರ ಒಂದೇ ಕಡೆಯಿಂದ ಹೊರಡುತ್ತದೆ: ಬ್ಯಾಟರಿಯಿಂದ ಹೊರಗೆ ಹೋಗಿರುವುದು ಏನು ಎಂಬುದನ್ನು ಮೊದಲು ತಿಳಿಯಬೇಕು. ಬ್ಯಾಟರಿಯಲ್ಲಿರುವುದು ನೀರು ಬೆರೆಸಿದ ಗಂಧಕಾಮ್ಲ. ಪೂರ್ತಿ ಚಾರ್ಜ್ ಆಗಿರುವಾಗ ಅದರ ತೂಕದಲ್ಲಿ ಶೇಕಡ 35ರಷ್ಟು ಆಮ್ಲವೂ ಉಳಿದದ್ದು ನೀರೂ ಆಗಿರುತ್ತದೆ. ಎಂಜಿನ್ ಓಡುತ್ತಿರುವಾಗ ಅದರಿಂದ ತಿರುಗಿ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ತುಂಬುತ್ತಲೇ ಇರುತ್ತದೆ. ಬ್ಯಾಟರಿ ತುಂಬಿದ ಮೇಲೂ ಒಳಕ್ಕೆ ಹರಿಯುವ ವಿದ್ಯುತ್ತು ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಎಂಬ ಎರಡು ಅನಿಲಗಳಾಗಿ ಒಡೆಯುತ್ತದೆ, ಅವು ಮುಚ್ಚಳದ ಸಣ್ಣ ರಂಧ್ರದಿಂದ ಹೊರಟುಹೋಗುತ್ತವೆ. ಇದರ ಜೊತೆಗೆ ಬಾನೆಟ್‌ನ ಒಳಗಿನ ಕಾವಿಗೆ ಸ್ವಲ್ಪ ನೀರು ಆವಿಯಾಗುತ್ತದೆ. ಆಮ್ಲವು ಹೀಗೆ ಹೋಗುವುದಿಲ್ಲ, ಅದು ಒಳಗೇ ಉಳಿಯುತ್ತದೆ. ಹೋದದ್ದು ನೀರು ಮಾತ್ರವಾದ್ದರಿಂದ ಮರಳಿ ಸೇರಬೇಕಾದದ್ದೂ ನೀರು ಮಾತ್ರ.

ಗ್ಯಾರೇಜಿನವರ ಮಾತಿನ ಹಿಂದೆ ಒಂದು ತಪ್ಪು ತಿಳಿವಳಿಕೆ ಇದೆ, ಅದು ಹುಟ್ಟುವುದು ದ್ರವವು ನೀರಿಗಿಂತ ಎಷ್ಟು ಪಟ್ಟು ಭಾರ ಎಂದು ಅಳೆಯುವ ಹೈಡ್ರೋಮೀಟರ್‌ನಿಂದ. ಬ್ಯಾಟರಿ ಖಾಲಿಯಾದಂತೆ ಆಮ್ಲದ ಸಲ್ಫೇಟ್ ಭಾಗವು ಸೀಸದ ಪ್ಲೇಟುಗಳಿಗೆ ಹೋಗಿ ಅಂಟಿಕೊಳ್ಳುತ್ತದೆ, ದ್ರವದಲ್ಲಿ ನೀರಿನ ಪಾಲು ಹೆಚ್ಚುತ್ತದೆ. ಪೂರ್ತಿ ತುಂಬಿದಾಗ 1.26ರಿಂದ 1.28ರ ನಡುವೆ ತೋರಿಸುವ ಹೈಡ್ರೋಮೀಟರ್ ಆಗ 1.15 ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಇದನ್ನು ನೋಡಿದವರು 'ಆಸಿಡ್ ಕಡಿಮೆಯಾಗಿದೆ' ಎಂದುಕೊಳ್ಳುತ್ತಾರೆ. ಕಡಿಮೆಯಾಗಿರುವುದು ಚಾರ್ಜ್, ಆಮ್ಲವು ಪ್ಲೇಟಿನಲ್ಲಿದೆ, ಚಾರ್ಜ್ ಮಾಡಿದರೆ ತಾನಾಗಿ ದ್ರವಕ್ಕೆ ಮರಳುತ್ತದೆ. ಈ ಸ್ಥಿತಿಯಲ್ಲಿ ಹೊಸ ಆಮ್ಲ ಸುರಿದರೆ ಹೈಡ್ರೋಮೀಟರ್ ಕೂಡಲೇ ಮೇಲೇರುತ್ತದೆ, ಕೆಲವು ದಿನ ಎಂಜಿನ್ ಚುರುಕಾಗಿಯೇ ಸ್ಟಾರ್ಟ್ ಆಗಲೂಬಹುದು. ಆದರೆ ಚಾರ್ಜ್ ಆದ ಮೇಲೆ ಹಳೆಯ ಆಮ್ಲವೂ ಹೊಸದೂ ಸೇರಿ ದ್ರವ ವಿಪರೀತ ಗಟ್ಟಿಯಾಗಿ, ಪ್ಲೇಟುಗಳ ಜಾಲರಿಯನ್ನೂ ನಡುವಿನ ತಡೆಹಾಳೆಗಳನ್ನೂ ತಿನ್ನತೊಡಗುತ್ತದೆ. ನಮ್ಮಂಥ ಸೆಕೆಯ ಊರಿನಲ್ಲಿ ಈ ಹಾನಿ ಇನ್ನೂ ವೇಗವಾಗಿ ನಡೆಯುತ್ತದೆ. ಬ್ಯಾಟರಿ ಮಗುಚಿ ದ್ರವ ಚೆಲ್ಲಿಹೋಗಿದ್ದರೆ ಮಾತ್ರ ಆಮ್ಲ ಸೇರಿಸುವ ಪ್ರಶ್ನೆ ಬರುತ್ತದೆ. ಅದನ್ನು ಸಹ ಬ್ಯಾಟರಿ ಅಂಗಡಿಯವರು ಪೂರ್ತಿ ಚಾರ್ಜ್ ಮಾಡಿದ ಬಳಿಕ ಅಳೆದು ಮಾಡಬೇಕು.

ಶಾಲೆಯಲ್ಲಿ ಕಲಿತದ್ದು ಸರಿಯೇ, ಆದರೆ ಅದು ಗಾಢ ಆಮ್ಲಕ್ಕೆ ಅನ್ವಯಿಸುವ ಮಾತು. ಗಾಢ ಗಂಧಕಾಮ್ಲಕ್ಕೆ ನೀರು ಬಿದ್ದರೆ ಆ ಕ್ಷಣದಲ್ಲಿ ಹುಟ್ಟುವ ಬಿಸಿಗೆ ದ್ರವ ಕುದಿದು ಸಿಡಿಯುತ್ತದೆ. ಬ್ಯಾಟರಿಯಲ್ಲಿ ಈಗಾಗಲೇ ಮೂರರಲ್ಲಿ ಎರಡು ಪಾಲಿನಷ್ಟು ನೀರೇ ಇರುವುದರಿಂದ ಇನ್ನಷ್ಟು ನೀರು ಸೇರಿಸಿದರೆ ಅಂಥ ಅಪಾಯವಿಲ್ಲ.

ಇನ್ನು ಬಾವಿಯ ನೀರು. ಬೇಳೆ ಬೇಗ ಬೇಯುವ ನೀರು ಮೆದು ನೀರು ಎಂಬುದು ನಿಜ, ಅದರಲ್ಲಿ ಸುಣ್ಣದ ಅಂಶ ಕಡಿಮೆ. ಆದರೆ ಬ್ಯಾಟರಿಗೆ ಹೆಚ್ಚು ತೊಂದರೆ ಕೊಡುವುದು ಕಬ್ಬಿಣ ಮತ್ತು ಕ್ಲೋರೈಡ್, ಅಂದರೆ ಉಪ್ಪಿನಲ್ಲಿರುವ ಅಂಶ. ನಮ್ಮ ಬಾವಿಗಳನ್ನು ತೋಡಿರುವುದು ಬಹುಪಾಲು ಮುರಕಲ್ಲಿನಲ್ಲಿ. ಆ ಕಲ್ಲಿನ ಕೆಂಪು ಬಣ್ಣವೇ ಕಬ್ಬಿಣದ್ದು. ಬಿಳಿ ಬಕೆಟಿನಲ್ಲಿ ನಾಲ್ಕು ದಿನ ನೀರು ನಿಂತರೆ ತಳದಲ್ಲಿ ಕೆಂಪು ಛಾಯೆ ಮೂಡುವುದನ್ನು ಹಲವು ಮನೆಗಳಲ್ಲಿ ನೋಡಬಹುದು. ಬ್ಯಾಟರಿಗೆ ಸೇರಿದ ಕಬ್ಬಿಣ ಒಂದು ಬಗೆಯ ಪ್ಲೇಟಿನಿಂದ ಇನ್ನೊಂದಕ್ಕೆ ಓಡಾಡುತ್ತ, ಕಾರು ಸುಮ್ಮನೆ ನಿಂತಿದ್ದರೂ ಒಳಗೊಳಗೇ ಚಾರ್ಜ್ ಸೋರುವಂತೆ ಮಾಡುತ್ತದೆ. ಕ್ಲೋರೈಡ್ ಪಾಸಿಟಿವ್ ಪ್ಲೇಟಿನ ಜಾಲರಿಯನ್ನು ತಿನ್ನುತ್ತದೆ. ಕಡಲಿಗೂ ಅಳಿವೆಗೂ ಸಮೀಪದ ಬಾವಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರು ಸಪ್ಪೆ ಉಪ್ಪಾಗುವುದು ನಿಮಗೆ ಗೊತ್ತಿರುವುದೇ. ಬ್ಯಾಟರಿಗೆ ನೀರು ಬೇಕಾಗುವುದೂ ಅದೇ ತಿಂಗಳುಗಳಲ್ಲಿ. ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಬೇಕು. ಸೆಲ್‌ನಿಂದ ಹೊರಹೋಗುವುದು ಶುದ್ಧ ನೀರು ಮಾತ್ರ. ನಾವು ಸುರಿದ ನೀರಿನಲ್ಲಿದ್ದ ಖನಿಜವೆಲ್ಲ ಒಳಗೇ ಉಳಿಯುತ್ತದೆ, ಮುಂದಿನ ಸಲ ಇನ್ನಷ್ಟು ಬಂದು ಸೇರುತ್ತದೆ. ಒಂದು ಸಲ ಹಾಕಿದಾಗ ಏನೂ ಆಗಲಿಲ್ಲವೆಂಬ ಧೈರ್ಯದಿಂದಲೇ ಜನ ಮುಂದುವರಿಯುವುದು. ಆದ್ದರಿಂದ ಪೆಟ್ರೋಲ್ ಬಂಕ್, ಬ್ಯಾಟರಿ ಅಂಗಡಿಗಳಲ್ಲಿ 'ಬ್ಯಾಟರಿ ನೀರು' ಎಂದು ಸಿಗುವ ಡಿಸ್ಟಿಲ್ಡ್ ಅಥವಾ ಖನಿಜ ತೆಗೆದ ನೀರನ್ನೇ ಬಳಸಿ. ಸೀಲ್ ಒಡೆಯದ ಕ್ಯಾನ್ ಕೊಳ್ಳಿ. ಕೆಲವೆಡೆ ಅದೇ ಕಪಾಟಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ, ಲೇಬಲ್ ಓದದೆ ತರಬೇಡಿ.

ಹಾಕುವ ಕ್ರಮ ಹೀಗೆ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ತಣಿಯಲು ಬಿಡಿ. ಮುಚ್ಚಳ ತೆಗೆಯುವ ಮೊದಲೇ ಬ್ಯಾಟರಿಯ ಮೇಲ್ಭಾಗವನ್ನು ಒದ್ದೆ ಬಟ್ಟೆಯಿಂದ ಒರಸಬೇಕು, ಇಲ್ಲವಾದರೆ ಅಲ್ಲಿನ ಧೂಳೆಲ್ಲ ಸೆಲ್‌ನೊಳಗೆ ಬೀಳುತ್ತದೆ. ಕನ್ನಡಕ ಮತ್ತು ರಬ್ಬರ್ ಕೈಗವಸು ಇರಲಿ. ಸೆಲ್‌ಗಳಿಂದ ಬರುವ ಹೈಡ್ರೋಜನ್ ಗಾಳಿಯಲ್ಲಿ ಶೇಕಡ 4ರಷ್ಟು ಸೇರಿದರೂ ಕಿಡಿ ತಾಗಿದಾಗ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬೀಡಿ, ಸಿಗರೇಟು, ಬೆಂಕಿಕಡ್ಡಿ ಹತ್ತಿರ ಬರಕೂಡದು. ಒಳಗೆ ನೋಡಲು ಟಾರ್ಚ್ ಮಾತ್ರ ಬಳಸಿ. ಸಾಮಾನ್ಯವಾಗಿ ಬ್ಯಾಟರಿ ಪೂರ್ತಿ ಚಾರ್ಜ್ ಆದ ಬಳಿಕವೇ ನೀರು ತುಂಬಬೇಕು, ಏಕೆಂದರೆ ಚಾರ್ಜ್ ಆಗುವಾಗ ದ್ರವ ಹಿಗ್ಗಿ ಮೇಲೇರುತ್ತದೆ. ಮೊದಲೇ ತುಂಬಿದ್ದರೆ ಉಕ್ಕಿ ಹೊರಚೆಲ್ಲುತ್ತದೆ. ನಿಮ್ಮದರಲ್ಲಿ ಎರಡು ಸೆಲ್‌ಗಳ ಪ್ಲೇಟು ಕಾಣುತ್ತಿರುವುದರಿಂದ, ಆ ಎರಡಕ್ಕೆ ಮಾತ್ರ ಪ್ಲೇಟು ಮುಳುಗುವಷ್ಟು ನೀರನ್ನು ಈಗಲೇ ಹಾಕಿ, ಆಮೇಲೆ ಅಂಗಡಿಯಲ್ಲಿ ನಿಧಾನವಾಗಿ ಚಾರ್ಜ್ ಮಾಡಿಸಿ, ಕೊನೆಗೆ ಆರಕ್ಕೂ ಮೇಲಿನ ಗೆರೆಯವರೆಗೆ ತುಂಬಿಸಿ. ಗೆರೆ ಕಾಣದ ಬ್ಯಾಟರಿಯಲ್ಲಿ ಪ್ಲೇಟಿನ ಮೇಲೆ 10ರಿಂದ 12 ಮಿಲಿಮೀಟರ್ ನೀರು ನಿಂತರೆ ಸಾಕು. ಪ್ಲಾಸ್ಟಿಕ್ ಆಲಿಕೆಯನ್ನೇ ಬಳಸಿ, ಲೋಹದ್ದು ಬೇಡ.

ಗೆರೆಗಿಂತ ಒಂದಿಷ್ಟು ಹೆಚ್ಚೇ ಇರಲಿ ಎಂಬ ಧಾರಾಳವೂ ಒಳ್ಳೆಯದಲ್ಲ. ನನ್ನ ಮೊದಲ ಕಾರಿನಲ್ಲಿ ನಾನು ಅದನ್ನೇ ಮಾಡಿದ್ದೆ: ಮಳೆಗಾಲಕ್ಕೆ ಮುಂಚೆ ಆರೂ ಸೆಲ್‌ಗಳನ್ನು ಬಾಯಿಯವರೆಗೆ ತುಂಬಿಸಿ ಶಿರಾಡಿ ಘಾಟಿ ಹತ್ತಿಸಿದೆ. ಆಮ್ಲ ಉಕ್ಕಿ ಕೆಳಗಿನ ತಗಡಿನ ಮೇಲೆ ಹರಿದದ್ದು ಗೊತ್ತಾಗುವ ಹೊತ್ತಿಗೆ ಆ ತಗಡು ಕೈಬೆರಳಿಗೆ ಪುಡಿಯಾಗುವಂತಿತ್ತು. ಹೀಗೆ ಉಕ್ಕಿದಾಗ ಹೋಗುವುದು ನೀರಲ್ಲ, ಆಮ್ಲವೇ. ಆ ನಷ್ಟವನ್ನು ಮುಂದೆ ನೀರು ಹಾಕಿ ತುಂಬಿಕೊಳ್ಳಲಾಗದು.

ಕೊನೆಯದಾಗಿ, ಗಾಳಿಗೆ ತೆರೆದುಕೊಂಡಿದ್ದ ಪ್ಲೇಟಿನ ಭಾಗ ಗಟ್ಟಿ ಸಲ್ಫೇಟಾಗಿ ಒಣಗಿರುತ್ತದೆ, ಅದು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಆ ಎರಡು ಸೆಲ್‌ಗಳು ಸ್ವಲ್ಪ ದುರ್ಬಲವಾಗಿಯೇ ಉಳಿಯಬಹುದು. ಇನ್ನು ಮುಂದೆ ಮಾರ್ಚ್‌ನಿಂದ ಮೇ ತನಕ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ತೆರೆದು ನೋಡಿ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುತ್ತೇನೆ, ಬಜಪೆ ವಿಮಾನ ನಿಲ್ದಾಣದ ಬಾಡಿಗೆಯೇ ಹೆಚ್ಚು. ಮೊದಲು ಎರಡು ತಿಂಗಳಿಗೊಮ್ಮೆ ನೀರು ಹಾಕಿದರೆ ಸಾಕಾಗುತ್ತಿತ್ತು, ಈಗ ಮೂರು ವಾರಕ್ಕೇ ಎಲ್ಲ ಸೆಲ್‌ಗಳೂ ಇಳಿಯುತ್ತವೆ. ಬ್ಯಾಟರಿ ಬದಲಾಯಿಸಬೇಕೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ದಯವಿಟ್ಟು ಕಾರಣ ಪತ್ತೆಯಾಗುವ ತನಕ ಹೊಸ ಬ್ಯಾಟರಿ ಕೊಳ್ಳಬೇಡಿ. ನೀರು ಇಳಿಯುವ ವೇಗವೇ ನಿಮಗೆ ಒಂದು ಸುದ್ದಿಯನ್ನು ಹೇಳುತ್ತಿದೆ, ಅದನ್ನು ಓದಿಕೊಳ್ಳಬೇಕು. ತುಂಬಿದ ಬ್ಯಾಟರಿಗೆ ಹೆಚ್ಚುವರಿಯಾಗಿ ಹರಿಯುವ ಪ್ರತಿ 3 ಆಂಪಿಯರ್-ಗಂಟೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಗಂಟೆ) ವಿದ್ಯುತ್ತು ಒಂದೊಂದು ಸೆಲ್‌ನಲ್ಲೂ ಸುಮಾರು 1 ಮಿಲಿಲೀಟರ್ ನೀರನ್ನು ಒಡೆಯುತ್ತದೆ. ಈ ಲೆಕ್ಕದಲ್ಲಿ ಆರು ಸೆಲ್‌ಗಳಿಗೆ ಒಟ್ಟು 300 ಮಿಲಿಲೀಟರ್ ನೀರು ಬೇಕಾಯಿತೆಂದರೆ, ಅದರಲ್ಲಿ ಆವಿಯಾದದ್ದನ್ನು ಬಿಟ್ಟರೂ, ನೂರು ಆಂಪಿಯರ್-ಗಂಟೆಗಿಂತ ಹೆಚ್ಚು ವಿದ್ಯುತ್ತು ಪ್ರಯೋಜನವಿಲ್ಲದೆ ಹರಿದಿದೆ ಎಂದು ತಿಳಿಯಬಹುದು. ದಿನವಿಡೀ ಓಡುವ ಟ್ಯಾಕ್ಸಿಗೆ ಮನೆಯ ಕಾರಿಗಿಂತ ಹೆಚ್ಚು ನೀರು ಬೇಕಾಗುವುದು ಸಹಜ. ಆದರೆ ಓಡಾಟ ಮೊದಲಿನಷ್ಟೇ ಇದ್ದು ನೀರು ಮಾತ್ರ ಬೇಗ ಇಳಿಯುತ್ತಿದ್ದರೆ ಸಂಶಯ ಹೋಗಬೇಕಾದದ್ದು ಆಲ್ಟರ್ನೇಟರ್‌ನ ವೋಲ್ಟೇಜ್ ರೆಗ್ಯುಲೇಟರ್ ಕಡೆಗೆ, ಅಂದರೆ ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಭಾಗದ ಕಡೆಗೆ.

ಎಂಜಿನ್ ಓಡುತ್ತಿರುವಾಗ, ಸ್ಟಾರ್ಟ್ ಮಾಡಿ ಹತ್ತು ಹದಿನೈದು ನಿಮಿಷವಾದ ಮೇಲೆ, ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿಸಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. 15ರ ಹತ್ತಿರವಿದ್ದರೆ, ಅದರಲ್ಲೂ ಎಂಜಿನ್‌ನ ವೇಗ ಏರಿಸಿದಂತೆ ವೋಲ್ಟೇಜ್ ಕೂಡ ಏರುತ್ತ ಹೋದರೆ, ರೆಗ್ಯುಲೇಟರ್ ಕೆಟ್ಟಿದೆ ಎಂದೇ ತಿಳಿಯಿರಿ. ಹೊಸ ಬ್ಯಾಟರಿ ಹಾಕಿದರೆ ಅದೂ ಕುದಿದು ಹಾಳಾಗುತ್ತದೆ.

ವೋಲ್ಟೇಜ್ ಸರಿಯಾಗಿದ್ದರೆ ಬ್ಯಾಟರಿಯ ಒಳಗೆ ನೋಡಬೇಕು. ಒಂದು ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಆರು ಸೆಲ್‌ಗಳಿಗೆ ಹಂಚಿಕೆಯಾಗಬೇಕಾದ 14.2 ವೋಲ್ಟ್ ಐದಕ್ಕೇ ಹಂಚಿಕೆಯಾಗುತ್ತದೆ: ಆರರಲ್ಲಿ ತಲಾ 2.37 ವೋಲ್ಟ್ ಆಗುತ್ತಿದ್ದದ್ದು ಐದರಲ್ಲಿ 2.84 ಆಗುತ್ತದೆ. ಸೆಲ್‌ಗೆ 2.4 ವೋಲ್ಟ್‌ನ ಆಸುಪಾಸಿನಲ್ಲೇ ನೀರು ಜೋರಾಗಿ ಒಡೆಯತೊಡಗುವುದರಿಂದ ಆ ಐದೂ ಸೆಲ್‌ಗಳು ಒಣಗುತ್ತ ಬರುತ್ತವೆ. ಹೈಡ್ರೋಮೀಟರ್‌ನಲ್ಲಿ ಒಂದು ಸೆಲ್ ಮಾತ್ರ ಉಳಿದವಕ್ಕಿಂತ ಬಹಳ ಕೆಳಗಿದ್ದು, ಎಂಜಿನ್ ನಿಲ್ಲಿಸಿ ಕೆಲವು ಗಂಟೆಯಾದ ಮೇಲೆ ಬ್ಯಾಟರಿ 12.6ರ ಬದಲು 10.5 ವೋಲ್ಟ್‌ನ ಸುತ್ತಮುತ್ತ ತೋರಿಸಿದರೆ, ಆಗ ಬ್ಯಾಟರಿಯನ್ನೇ ಬದಲಾಯಿಸಬೇಕು. ಇದಕ್ಕೆ ವ್ಯತಿರಿಕ್ತವಾಗಿ ಒಂದೇ ಸೆಲ್‌ನ ನೀರು ಮಾತ್ರ ಮತ್ತೆ ಮತ್ತೆ ಇಳಿಯುತ್ತಿದ್ದರೆ ಪೆಟ್ಟಿಗೆಯ ಆ ಭಾಗದಲ್ಲಿ ಬಿರುಕು ಇದೆಯೇ ಎಂದು ಮೊದಲು ನೋಡಿ.

ನೀರು ಹಾಕಿದ ಕೂಡಲೇ ಹೈಡ್ರೋಮೀಟರ್ ಇಡಬೇಡಿ. ಹೊಸ ನೀರು ಹಗುರವಾದ್ದರಿಂದ ಮೇಲೆಯೇ ನಿಂತಿರುತ್ತದೆ, ಅಳತೆ ಸುಳ್ಳಾಗುತ್ತದೆ. ಕಾರನ್ನು ಚೆನ್ನಾಗಿ ಓಡಿಸಿ ದ್ರವ ಬೆರೆತ ಮೇಲೆ ನೋಡಿ.

ಪ್ರಶ್ನೆ: ಮನೆಯ ಏಸಿಯಿಂದ ದಿನಕ್ಕೆ ಒಂದು ಬಕೆಟ್ ನೀರು ಬೀಳುತ್ತದೆ. ಅದು ಆವಿಯಿಂದ ಆದ ನೀರೇ ಅಲ್ಲವೇ? ಬ್ಯಾಟರಿಗೂ ಇನ್‌ವರ್ಟರ್‌ಗೂ ಹಾಕಿದರೆ ಏನು ತಪ್ಪು? ಮಳೆ ನೀರು ಅಥವಾ ಆರ್‌ಒ ನೀರು ಆಗುವುದಿಲ್ಲವೇ?
– ಓದುಗರೊಬ್ಬರು, ಕಂಕನಾಡಿ, ಮಂಗಳೂರು

ಉತ್ತರ: ನಿಮ್ಮ ತರ್ಕ ಸರಿಯಾಗಿದೆ: ಏಸಿಯ ನೀರು ಗಾಳಿಯ ತೇವ ತಣಿದು ಹನಿಯಾದದ್ದು, ಹುಟ್ಟುವಾಗ ಅದು ಶುದ್ಧವೇ. ಆದರೆ ಅದು ತಾಮ್ರದ ಕೊಳವೆ ಮತ್ತು ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಹರಿದು, ಕೋಣೆಯ ಧೂಳು ಮತ್ತು ಪಾಚಿ ಕಟ್ಟಿದ ತಟ್ಟೆಯಲ್ಲಿ ನಿಂತು, ಪೈಪಿನಲ್ಲಿ ಇಳಿದು ಬರುತ್ತದೆ. ತಾಮ್ರದ ಅಲ್ಪ ಅಂಶವೂ ಸೀಸದ ಬ್ಯಾಟರಿಗೆ ಒಗ್ಗುವುದಿಲ್ಲ. ಆ ನೀರನ್ನು ನೆಲ ಒರಸಲು ಬಳಸಿ. ಆರ್‌ಒ ನೀರಿನಲ್ಲಿ ಖನಿಜ ಕಡಿಮೆಯಾಗಿರುತ್ತದೆಯೇ ಹೊರತು ಇಲ್ಲವಾಗಿರುವುದಿಲ್ಲ. ಕೆಲವು ಯಂತ್ರಗಳು ರುಚಿಗಾಗಿ ಖನಿಜವನ್ನು ಮರಳಿ ಸೇರಿಸುತ್ತವೆ. ತುಂಬೆಯಿಂದ ಬರುವ ನಗರದ ನಳ್ಳಿ ನೀರಿಗೆ ಕುಡಿಯಲು ಯೋಗ್ಯವಾಗಲೆಂದು ಕ್ಲೋರಿನ್ ಬೆರೆಸಿರುತ್ತಾರೆ, ಅದೂ ಬೇಡ. ಮಳೆ ನೀರನ್ನು ಶುದ್ಧವೆಂದು ನಂಬುವವರು ಬಹಳ, ಆದರೆ ಕಡಲ ಮೇಲಿಂದ ಬರುವ ಗಾಳಿಯಲ್ಲಿ ಉಪ್ಪಿನ ಕಣಗಳಿರುತ್ತವೆ, ಕರಾವಳಿಯ ಮಳೆಯಲ್ಲಿ ಅದು ಇಳಿದೇ ಇಳಿಯುತ್ತದೆ. ಹಂಚಿನ ಮೇಲಿನ ಕೊಳೆ ಬೇರೆ. ಒಂದು ಕ್ಯಾನ್ ಬ್ಯಾಟರಿ ನೀರಿನ ಬೆಲೆಯನ್ನು ಬ್ಯಾಟರಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಈ ಉಳಿತಾಯಕ್ಕೆ ಅರ್ಥವಿಲ್ಲ. ಇನ್‌ವರ್ಟರ್‌ನ ಬ್ಯಾಟರಿಗೂ ಇದೇ ನಿಯಮ. ಅದು ಮನೆಯೊಳಗೆ ಇರುವುದರಿಂದ ಗಾಳಿಯಾಡುವ ಕಡೆ ಇಡಿ, ದೇವರ ದೀಪ ಉರಿಯುವ ಜಾಗದ ಹತ್ತಿರ ಬೇಡ.

ಪ್ರಶ್ನೆ: ಮಗ ಗಲ್ಫ್‌ನಲ್ಲಿದ್ದಾನೆ. ಅವನ ಕಾರು ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲೇ ಇರುತ್ತದೆ. ನೀರು ಸರಿಯಾಗಿ ಹಾಕುತ್ತೇನೆ, ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ. ಆದರೂ ಎರಡು ವರ್ಷಕ್ಕೆ ಎರಡು ಬ್ಯಾಟರಿ ಹೋಯಿತು.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ಕಾಳಜಿಯಲ್ಲಿ ಕೊರತೆಯಿಲ್ಲ, ಐದು ನಿಮಿಷ ಸಾಲದೆ ಹೋಗಿದೆ. ನಿಂತ ಕಾರಿನಲ್ಲೂ ಗಡಿಯಾರ, ಅಲಾರಂ, ಬೀಗದ ವ್ಯವಸ್ಥೆಗಳು ಸ್ವಲ್ಪ ವಿದ್ಯುತ್ತನ್ನು ಎಳೆಯುತ್ತಲೇ ಇರುತ್ತವೆ. ಅದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿ ಹದಿನೈದು ದಿನಗಳಲ್ಲಿ ಅರ್ಧ ಖಾಲಿಯಾಗುತ್ತದೆ. ಐದು ನಿಮಿಷದ ಓಟ ಸ್ಟಾರ್ಟ್ ಮಾಡಲು ಬಳಸಿದ್ದನ್ನು ತುಂಬುವುದರಲ್ಲೇ ಮುಗಿಯುತ್ತದೆ. ಅರ್ಧ ಖಾಲಿ ಬ್ಯಾಟರಿಯಲ್ಲಿ ನೀರು ಗೆರೆಯವರೆಗೆ ಇದ್ದರೂ ಪ್ಲೇಟಿನ ಮೇಲಿನ ಸಲ್ಫೇಟ್ ದಿನಕಳೆದಂತೆ ಗಟ್ಟಿ ಹರಳಾಗಿ ಕೂರುತ್ತದೆ. ನೀರಿನ ಮಟ್ಟ ಸರಿಯಾಗಿರುವುದು ಬ್ಯಾಟರಿಯ ಆರೋಗ್ಯಕ್ಕೆ ಬೇಕಾದ ಎರಡರಲ್ಲಿ ಒಂದು, ಇನ್ನೊಂದು ಚಾರ್ಜ್. ನಿಮಗೆ ಆಗುವುದಾದರೆ ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಓಡಿಸಿ. ಆಗದಿದ್ದರೆ ತಾನಾಗಿ ನಿಲ್ಲುವ ಸಣ್ಣ ಚಾರ್ಜರ್ ಒಂದನ್ನು ತಂದು ತಿಂಗಳಿಗೊಮ್ಮೆ ತುಂಬಿಸಿ, ನಡುವಿನ ದಿನಗಳಲ್ಲಿ ನೆಗೆಟಿವ್ ಟರ್ಮಿನಲ್ ಕಳಚಿಡಿ. ಮಲ್ಟಿಮೀಟರ್‌ನಲ್ಲಿ 12.4 ವೋಲ್ಟ್‌ಗಿಂತ ಇಳಿಯಲು ಬಿಡಬೇಡಿ. ನೀರು ಹಾಕಬೇಕಿದ್ದರೆ ಚಾರ್ಜ್ ಮುಗಿದ ಮೇಲೆ ಹಾಕಿ.

ಪ್ರಶ್ನೆ: ನನ್ನ ಬ್ಯಾಟರಿಗೆ ಮುಚ್ಚಳವೇ ಇಲ್ಲ, ಮೇಲೆ ಹಸಿರು ಕಣ್ಣಿನಂಥ ಗಾಜು ಇದೆ. ಇದಕ್ಕೆ ನೀರು ಹಾಕುವುದು ಹೇಗೆ?
– ಓದುಗರೊಬ್ಬರು, ಮಣಿಪಾಲ

ಉತ್ತರ: ಹಾಕುವಂತಿಲ್ಲ. ಇವುಗಳ ಪ್ಲೇಟಿನ ಜಾಲರಿಯಲ್ಲಿ ಆಂಟಿಮನಿಯ ಬದಲು ಕ್ಯಾಲ್ಸಿಯಂ ಬೆರೆಸಿರುವುದರಿಂದ ನೀರು ಬಹಳ ನಿಧಾನವಾಗಿ ಒಡೆಯುತ್ತದೆ, ಬ್ಯಾಟರಿಯ ಆಯುಷ್ಯಕ್ಕೆ ಸಾಕಾಗುವಷ್ಟು ದ್ರವವನ್ನು ಕಾರ್ಖಾನೆಯಲ್ಲೇ ತುಂಬಿರುತ್ತಾರೆ. ಕಣ್ಣು ಹಸಿರಿದ್ದರೆ ಚಾರ್ಜ್ ಇದೆ, ಕಪ್ಪಾಗಿದ್ದರೆ ಚಾರ್ಜ್ ಬೇಕು, ಬಣ್ಣವಿಲ್ಲದೆ ಬಿಳಿಚಿದ್ದರೆ ಅಥವಾ ತಿಳಿ ಹಳದಿಯಾಗಿದ್ದರೆ ದ್ರವ ಇಳಿದಿದೆ, ಬ್ಯಾಟರಿ ಬದಲಾಯಿಸಬೇಕು ಎಂದು ಸಾಮಾನ್ಯ ಅರ್ಥ. ನಿಮ್ಮ ಬ್ಯಾಟರಿಯ ಲೇಬಲ್‌ನಲ್ಲೂ ಬರೆದಿರುತ್ತದೆ. ಆ ಕಣ್ಣು ಆರರಲ್ಲಿ ಒಂದು ಸೆಲ್ಲನ್ನು ಮಾತ್ರ ನೋಡುತ್ತದೆ, ಆದ್ದರಿಂದ ಹಸಿರಿದ್ದರೂ ಸ್ಟಾರ್ಟ್ ಆಗಲು ಕಷ್ಟವಾದರೆ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಬೆಳೆಯುತ್ತದೆ. ಎಷ್ಟು ಸಲ ಕೆರೆದರೂ ಬರುತ್ತದೆ. ಕಡಲ ಗಾಳಿಯೇ ಕಾರಣವೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಉಪ್ಪು ಗಾಳಿ ಅದನ್ನು ಹೆಚ್ಚಿಸುತ್ತದೆ, ಆದರೆ ಮೂಲ ಕಾರಣ ಸೆಲ್‌ನಿಂದ ಹೊರಬರುವ ಆಮ್ಲದ ತುಂತುರು. ನೀರನ್ನು ಗೆರೆ ಮೀರಿ ತುಂಬಿಸುತ್ತಿದ್ದೀರಾ, ಮುಚ್ಚಳಗಳು ಬಿಗಿಯಾಗಿವೆಯೇ, ಚಾರ್ಜ್ ವೋಲ್ಟೇಜ್ ಹೆಚ್ಚಿದೆಯೇ ಎಂದು ನೋಡಿ. ಕೆರೆಯುವುದಕ್ಕಿಂತ ತೊಳೆಯುವುದು ಒಳ್ಳೆಯದು. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ತಂತಿಯನ್ನು ಕಳಚಿ, ಮುಚ್ಚಳಗಳು ಭದ್ರವಾಗಿರುವುದನ್ನು ಖಚಿತಪಡಿಸಿಕೊಂಡು, ಬಿಸಿನೀರಿನಲ್ಲಿ ಕಲಸಿದ ಅಡುಗೆ ಸೋಡಾವನ್ನು ಹಳೆಯ ಬ್ರಶ್‌ನಿಂದ ಹಚ್ಚಿ. ಸೋಡಾ ಒಂದು ಹನಿಯೂ ಸೆಲ್‌ನೊಳಗೆ ಹೋಗಬಾರದು, ಹೋದರೆ ಆಮ್ಲವನ್ನೇ ಕೊಲ್ಲುತ್ತದೆ. ನೊರೆ ನಿಂತ ಮೇಲೆ ನೀರಿನಿಂದ ತೊಳೆದು, ಒಣಗಿಸಿ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಜೋಡಿಸಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಈ ಪುಡಿಯಲ್ಲಿ ಸೀಸದ ಅಂಶವಿರುವುದರಿಂದ ಮಕ್ಕಳನ್ನು ದೂರವಿಡಿ, ಕೈಯನ್ನು ಸಾಬೂನಿನಿಂದ ತೊಳೆಯಿರಿ, ತೊಳೆದ ನೀರು ಬಾವಿಕಟ್ಟೆಯ ಕಡೆಗೆ ಹರಿಯದಂತೆ ನೋಡಿಕೊಳ್ಳಿ. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ ಹದಿನೈದು ನಿಮಿಷ ಧಾರೆ ನೀರಿನಲ್ಲಿ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗಿ.